ಪ್ಲಗ್ ಕಿತ್ತ ಮೇಲೆ ಬಂದ ಕೂಗು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವನು ನಮ್ಮ ಸೋದರಮಾವ ಮಲ್ಲಯ್ಯ. ಸತ್ತವರು ಕರೆಯುವುದು ಆಗದ ಮಾತು ಎಂದವಳು ನಾನು. ಇಬ್ಬರೂ ನಮ್ಮ ನಮ್ಮ ಮಾತನ್ನು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿದವರೇ. ಮಾವನ ಮಾತು ಸುಳ್ಳಾಯಿತು. ನನ್ನ ಮಾತು ಏನಾಯಿತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ಮಾತು ತಿರುಗಿಸುತ್ತೇನೆ.

ನೀವು ನಗಬಹುದು. ನಾನೂ ನಗುತ್ತಿದ್ದೆ. ನಮ್ಮ ಕಡೆ, ಅಂದರೆ ಆಂಧ್ರದ ಗಡಿಯ ಆದೋನಿ, ಪೆದ್ದಕಡುಬೂರು, ಗೋನೆಗಂಡ್ಲದ ಸುತ್ತಮುತ್ತ, ಹೊರಗಿನಿಂದ ಯಾರಾದರೂ ಒಂದು ಸಲ ಹೆಸರು ಹಿಡಿದು ಕೂಗಿದರೆ ಮನೆಯೊಳಗಿನವರು ‘ಓ’ ಅನ್ನುವುದಿಲ್ಲ. ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲಿಸಿ ಕಾಯುತ್ತಾರೆ. ಎರಡನೇ ಕೂಗು ಬರಬೇಕು, ಮೂರನೇದೂ ಬರಬೇಕು. ಆಮೇಲೆ ‘ಓ’. ಹಾಲಿನವಳಿಗೂ ಇದು ಗೊತ್ತು, ಗ್ಯಾಸ್ ಸಿಲಿಂಡರ್ ತರುವವನಿಗೂ ಗೊತ್ತು. ಅವರು ಒಂದೇ ಉಸಿರಿನಲ್ಲಿ ಮೂರು ಸಲ ಕೂಗಿಬಿಡುತ್ತಾರೆ. ಬದುಕಿದ್ದವರಿಗೆ ಮೂರು ಸಲ ಕರೆಯುವಷ್ಟು ಉಸಿರು ಇರುತ್ತದೆ, ಸತ್ತವರಿಗೆ ಇರುವುದು ಒಂದೇ ಕೂಗು, ಅದಕ್ಕೆ ‘ಓ’ ಅಂದರೆ ಅವರ ಜೊತೆ ಹೊರಟಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕಾಲೇಜಿಗೆ ಹೋಗುವ ಜಂಬದಲ್ಲಿ ಒಮ್ಮೆ ಅಜ್ಜಿ ಅಂಗಳದಿಂದ ಕರೆದ ಮೊದಲ ಕೂಗಿಗೇ ಬೇಕೆಂದು ‘ಓ’ ಅಂದಿದ್ದೆ. ಮುದುಕಿ ಕೋಲು ಊರಿಕೊಂಡು ಒಳಗೆ ಬಂದು, “ಓದಿದ್ದು ಹೆಚ್ಚಾತೇನ ನಿನಗ? ಕರದಾಕಿ ನಾನ ಅಂತ ನಿನಗ ಯಾರು ಹೇಳಿದ್ರು?” ಎಂದು ಬೈದಿದ್ದಳು. ನಾನು ನಕ್ಕಿದ್ದೆ. ಅಂತಹ ನಗು ನನ್ನದು.

ನಮ್ಮಪ್ಪ ಪೆದ್ದಕಡುಬೂರಿನವನು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದೋನಿಗೆ ಬಂದು ಯಾರದೋ ಕೈಕೆಳಗೆ ಮೈಕ್‌ಸೆಟ್ ಕೆಲಸ ಕಲಿತು, ಆಮೇಲೆ ತನ್ನದೇ ಸೆಟ್ಟು ಮಾಡಿಕೊಂಡ. ಮದುವೆ, ಸೀಮಂತ, ಸಾವು, ಎಲೆಕ್ಷನ್ನು, ಎಲ್ಲದಕ್ಕೂ ಅವನ ಹಾರ್ನುಗಳೇ. ಎಲ್ಲರೂ ಹೊಸ ಸೆಟ್ಟಿಗೆ ಹೋದ ಮೇಲೂ ಅವನು ಗಾಜಿನ ವಾಲ್ವಿನ ಹಳೇ ಆಂಪ್ಲಿಫೈಯರ್ ಬಿಡಲಿಲ್ಲ. ಬೇರೆಯವರು ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನುವ ಕಡೆ ಅವನು ಮೈಕಿಗೆ ಎರಡು ಸಲ ಊದುತ್ತಿದ್ದ, ಫೂ, ಫೂ, ಎಂದು. ಆಮೇಲೆ ನನ್ನನ್ನು ಕರೆಯುತ್ತಿದ್ದ. “ಗುಬ್ಬೀ... ಗುಬ್ಬೀ... ಗುಬ್ಬೀ.” ಆ ಹೆಸರಿನಿಂದ ನನ್ನನ್ನು ಕರೆದವನು ಅವನೊಬ್ಬನೇ. ಮನೆಯ ಹತ್ತಿರದ ಕಾರ್ಯವಾದರೆ ನಾನು ಬಾಗಿಲಲ್ಲಿ ನಿಂತು, ಮೂರನೇ ಕೂಗು ಮುಗಿದ ಮೇಲೆ, ಓಣಿಯೆಲ್ಲ ಕೇಳುವ ಹಾಗೆ ‘ಓ’ ಅನ್ನುತ್ತಿದ್ದೆ. ಓಣಿಯವರು ನಗುತ್ತಿದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಮಾಧವರಂನ ಒಂದು ಮದುವೆಯಲ್ಲಿ ಅವನು ಹೋಗಿಬಿಟ್ಟ. ಹಿಂದಿನ ದಿನ ಮಳೆ ಬಿದ್ದು ಹಂದರದ ಕೆಳಗೆ ನೆಲ ಹಸಿಯಾಗಿತ್ತು, ಮೈಕಿನ ಮೈಗೆ ಕರೆಂಟು ಬಂದಿತ್ತು. ಊದಲೆಂದು ಹಿಡಿದವನು ಕೈ ಬಿಡಲಿಲ್ಲ. ಅಷ್ಟೇ ನಮಗೆ ಹೇಳಿದ್ದು. ಅವ್ವ ಹಾರ್ನು, ವೈರು, ಸ್ಟ್ಯಾಂಡು ಎಲ್ಲ ಕೊಟ್ಟುಬಿಟ್ಟಳು. ವಾಲ್ವು, ಟ್ರಾನ್ಸ್‌ಫಾರ್ಮರ್, ಇತ್ಯಾದಿ ತುಂಬಿದ ಒಂದು ತಗಡಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಮಂಚದ ಕೆಳಗೆ ಉಳಿಯಿತು.

ಅರ್ಧ ಆಯುಷ್ಯದಲ್ಲಿ ಹೋದವರು ಮನೆಯವರನ್ನು ಕರೆಯುತ್ತಾರೆ ಎಂದು ಬಂದವರೆಲ್ಲ ಅವ್ವನ ಕಿವಿಯಲ್ಲಿ ಹೇಳಿ ಹೋದರು. ಅದರಲ್ಲೂ ಬಲು ಪ್ರೀತಿ ಇದ್ದವರನ್ನಂತೆ. ಆಗ ನಾನು ಎಲ್ಲರ ಎದುರು ನಿಂತು, “ಸತ್ತವ್ರು ಯಾರನ್ನೂ ಕರಿಯಂಗಿಲ್ಲ, ಸುಮ್ನ ಹೋಗ್ರಿ” ಎಂದಿದ್ದೆ. ದುಃಖದಲ್ಲಿ ಅಂದ ಮಾತಾದರೂ ನಂಬಿಯೇ ಅಂದದ್ದು.

ಆಮೇಲೆ ಅವ್ವ ಜಿನ್ನಿಂಗ್ ಮಿಲ್ಲಿಗೆ ಹೋಗತೊಡಗಿದಳು. ಹತ್ತಿಯ ನುಣುಪು ಧೂಳು ತಲೆ, ಹುಬ್ಬು, ಕೆಮ್ಮು, ಎಲ್ಲದರಲ್ಲೂ. ಆ ಕೂಲಿಯ ಮೇಲೆ ನಾನು ಓದಿದೆ. ಐದನೇ ಕ್ಲಾಸಿನವರೆಗೆ ಕನ್ನಡ, ಆಮೇಲೆ ತೆಲುಗು, ಕಡೆಗೆ ಇಂಗ್ಲಿಷು. ಪ್ರತಿ ಸಲವೂ ಹೊಸ ಭಾಷೆಯಲ್ಲಿ ಮೊದಲಿನಿಂದ ದಡ್ಡಿಯಾಗಿ ಶುರು ಮಾಡಿ ಮೇಲೆ ಬಂದೆ. ನಮ್ಮ ಎರಡೂ ಮನೆತನದಲ್ಲಿ ಸಹಿ ಹಾಕಲು ಬರುವವರೇ ಕಡಿಮೆ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಸೇರಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಗೋನೆಗಂಡ್ಲದ ಮಲ್ಲಯ್ಯ ಮಾವ ಅವ್ವನ ತಮ್ಮ. ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಬೇಕೆಂದು ನಾನು ಲಂಗ ಹಾಕುವ ಕಾಲದಿಂದ ಕಾದವನು. ಕೆಟ್ಟವನಲ್ಲ, ಅಪ್ಪ ಹೋದಾಗ ಹೆಗಲು ಕೊಟ್ಟವನೂ ಅವನೇ. ಆದರೆ ಬಾಯಿ ಜೋರು. ಬಂದಾಗಲೆಲ್ಲ ಅದೇ ಮಾತು.

“ಅಕ್ಕಾ, ಆದೋನಿ ಗುಡ್ಡ ಇಳದು ಬಂದು ನಿಮ್ಮ ನಳದಾಗ ನೀರು ಕುಡಿತೈತಲ್ಲ, ಅವತ್ತು ಈಕಿ ಡಿಗ್ರಿ ಮುಗಸ್ತಾಳ.”

“ಗುಡ್ಡ ಬಂದ್ರೂ ನಮ್ಮ ನಳದಾಗ ನೀರು ಬರಂಗಿಲ್ಲ ಮಾವ, ವಾರಕ್ಕೊಮ್ಮೆ ಬಿಡ್ತಾರ” ಎಂದು ನಾನು.

“ನೋಡು, ಇದಕ್ಕ ಅಂದೆ. ಬಾಯಿ ಪಾಸಾಗ್ಯದ, ಉಳದದ್ದು ಎಲ್ಲಾ ಫೇಲು.”

ಕೊನೆಯ ವರ್ಷ ಅವನು ಗಟ್ಟಿಯಾಗಿ ಕೂತುಬಿಟ್ಟ. ಮಗ ಇನ್ನೆಷ್ಟು ವರ್ಷ ಕಾಯಬೇಕು, ಬೇರೆ ಕಡೆಯಿಂದ ಕೇಳುತ್ತಿದ್ದಾರೆ ಎಂದ. ಅವ್ವ ಹಿಂದೆ ಮುಂದೆ ನೋಡಿ ಮಾತು ಕೊಟ್ಟಳು. ಈ ವರ್ಷ ನಾನು ಎಲ್ಲದರಲ್ಲೂ ಪಾಸಾದರೆ ಅವನು ಮತ್ತೆ ಈ ಮಾತು ಎತ್ತಬಾರದು. ಒಂದು ತಪ್ಪಿದರೂ, ಮತ್ತೊಮ್ಮೆ ಪರೀಕ್ಷೆ ಕಟ್ಟುವುದಿಲ್ಲ, ಗೋನೆಗಂಡ್ಲಕ್ಕೆ ಸೊಸೆ. ಲಿಖಿತ ಪರೀಕ್ಷೆ ಎಲ್ಲ ದಾಟಿದೆ. ಉಳಿದದ್ದು ಪ್ರಾಜೆಕ್ಟು, ಅದರ ವೈವಾ.

ನಮ್ಮ ಕ್ಲಾಸಿನವರು ಹೆಚ್ಚಿನವರು ಸಿದ್ಧ ಪ್ರಾಜೆಕ್ಟನ್ನೇ ದುಡ್ಡು ಕೊಟ್ಟು ತಂದರು. ನನಗೆ ಅದು ಆಗುವ ಮಾತಲ್ಲ. ಹಳೇ ಹಾಡಿನ ಹುಚ್ಚಿದ್ದ ನಮ್ಮ ಗೈಡ್ ಸರ್, ನಿಮ್ಮ ತಂದೆಯ ವಾಲ್ವುಗಳಿವೆ ಅಂದೆಯಲ್ಲ, ಅವುಗಳಿಂದ ಹೆಡ್‌ಫೋನಿಗೆ ಒಂದು ಸಣ್ಣ ಆಂಪ್ಲಿಫೈಯರ್ ಮಾಡು, ಈ ಕಾಲೇಜಿನಲ್ಲಿ ಯಾರೂ ಮಾಡಿಲ್ಲ ಎಂದರು. ನಾನು ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಸಂಜೆ ಅವ್ವ ಮಿಲ್ಲಿನಿಂದ ಬಂದು ನೋಡಿದಳು.

“ಅದನ್ನ್ಯಾಕ ತಗದಿ?”

“ಪ್ರಾಜೆಕ್ಟಿಗವ್ವಾ.”

“ನಿಮ್ಮಪ್ಪನ್ನ ತಿಂದದ್ದು ಅದು.”

“ಅಪ್ಪಗ ಹೊಡದದ್ದು ಮೈಕಿನ ವೈರು. ಇವು ವಾಲ್ವು, ಬ್ಯಾರೆ.”

“ಎಲ್ಲಾ ಒಂದ ಕುಲ” ಎಂದು ಸೆರಗಿನ ಹತ್ತಿ ಜಾಡಿಸಿಕೊಂಡು ಒಳಗೆ ಹೋದಳು. ಬೇಡ ಎನ್ನಲಿಲ್ಲ. ವೈವಾ ದಾಟದಿದ್ದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು.

ಆಂಪ್ಲಿಫೈಯರ್ ಚೆನ್ನಾಗಿಯೇ ಬಂತು. ಎಲ್ಲವನ್ನೂ ಕೂರಿಸುವ ಕಬ್ಬಿಣದ ತಟ್ಟೆ, ಅಂದರೆ ಚಾಸಿಯ ಮೇಲೆ ವಾಲ್ವುಗಳು ಕೆಂಪಗೆ ಕಾದು ನಿಂತರೆ ಚಂದ ಕಾಣುತ್ತಿದ್ದವು. ಫೋನಿನಿಂದ ಹಾಡು ಹಾಕಿ ಹೆಡ್‌ಫೋನಿನಲ್ಲಿ ಕೇಳಿದರೆ ಹಾಡುವವರು ಪಕ್ಕದಲ್ಲಿ ಕೂತ ಹಾಗೆ. ವೈವಾದ ಹಿಂದಿನ ದಿನ ಬೆಳಿಗ್ಗೆ, ಕೊನೆಯ ಸಲ ನೋಡೋಣ ಎಂದು ಹಚ್ಚಿದೆ. ಹಾಡು ಅರ್ಧಕ್ಕೆ ಕುಸಿದು ನಿಂತುಹೋಯಿತು. ವಾಲ್ವು ಉರಿಯುತ್ತಲೇ ಇವೆ, ಸದ್ದಿಲ್ಲ. ಸುಟ್ಟ ಬಣ್ಣದ ವಾಸನೆ ಬಂತು. ಪ್ಲಗ್ ಕಿತ್ತು ಬೋರಲು ಹಾಕಿ ನೋಡಿದರೆ ಒಂದು ರೆಸಿಸ್ಟರ್ ಕಪ್ಪಾಗಿ ನಡುವೆ ಸೀಳಿತ್ತು.

ಈ ವಿದ್ಯೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಾಲ್ವಿಗೆ ಮನೆಯ ಕರೆಂಟಿಗಿಂತ ಹೆಚ್ಚಿನ ವೋಲ್ಟೇಜು ಬೇಕು. ಅದನ್ನು ತುಂಬಿಟ್ಟುಕೊಳ್ಳುವುದು ಕೆಪಾಸಿಟರ್. ನನ್ನ ಸೆಟ್ಟಿನಲ್ಲಿ ಅಂಥವು ಎರಡಿದ್ದವು. ಎರಡು ನೀರಿನ ತೊಟ್ಟಿ ಎಂದುಕೊಳ್ಳಿ. ಮೊದಲನೇ ತೊಟ್ಟಿಯಿಂದ ಎರಡನೇದಕ್ಕೆ ನೀರು ಹೋಗುವ ಸಣ್ಣ ಪೈಪೇ ಆ ರೆಸಿಸ್ಟರ್. ಪ್ಲಗ್ ಕಿತ್ತ ಮೇಲೆ ನೀರು ಬಸಿದು ಹೋಗಲೆಂದು ಒಂದು ತೂತು ಇಟ್ಟಿರುತ್ತಾರೆ. ನಾನದನ್ನು ಎರಡನೇ ತೊಟ್ಟಿಗೆ ಇಟ್ಟಿದ್ದೆ. ಪೈಪು ಸರಿಯಿದ್ದಾಗ ಎರಡೂ ತೊಟ್ಟಿ ಆ ಒಂದೇ ತೂತಿನಿಂದ ಬರಿದಾಗುತ್ತಿದ್ದವು. ಈಗ ಸುಟ್ಟದ್ದು ಆ ಪೈಪು. ಎರಡನೇ ತೊಟ್ಟಿ ಬರಿದಾಯಿತು. ಮೊದಲನೇದು ಅಂಚಿನವರೆಗೆ ತುಂಬಿ ಹಾಗೇ ನಿಂತಿತ್ತು. ಬರಿಗೈಯಲ್ಲಿ ಮುಟ್ಟಿದವರನ್ನು ಕೊಲ್ಲುವಷ್ಟು. ಅದು ನನಗೆ ಹೊಳೆಯಲಿಲ್ಲ. ಮೀಟರ್ ಇಟ್ಟು ನೋಡಿದೆ. ಆದರೆ ಎರಡನೇದಕ್ಕೆ ಇಟ್ಟೆ. ಸೊನ್ನೆ ತೋರಿಸಿತು. ನಿಶ್ಚಿಂತೆಯಾದೆ.

ಅವ್ವ ಮಿಲ್ಲಿಗೆ ಹೋಗಿದ್ದಳು. ನಾನು ಪೇಟೆಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ಅದೇ ಓಮ್ ಅಳತೆಯ, ಇನ್ನೂ ದಪ್ಪನೆಯ ರೆಸಿಸ್ಟರ್ ಹುಡುಕಿ ತಂದೆ. ಬಿಚ್ಚುವ ಮುಂಚೆ ಬೇರೇನಾದರೂ ಸುಟ್ಟಿದೆಯೇ ನೋಡಲೆಂದು ಇನ್ನೊಮ್ಮೆ ಪ್ಲಗ್ ಹಾಕಿದೆ. ವಾಲ್ವು ಹತ್ತಿದವು, ಹೆಡ್‌ಫೋನಿನಲ್ಲಿ ಏನೂ ಇಲ್ಲ. ಪ್ಲಗ್ ಕಿತ್ತೆ. ವಾಲ್ವು ಆರುವವರೆಗೆ ಕಾದೆ, ಬೆರಳಿಟ್ಟು ತಣ್ಣಗಾದದ್ದನ್ನು ಖಾತ್ರಿ ಮಾಡಿಕೊಂಡೆ, ಮೀಟರನ್ನು ಮತ್ತೆ ಅದೇ ಎರಡನೇದಕ್ಕೆ ಇಟ್ಟು ಸೊನ್ನೆ ನೋಡಿದೆ. ಎದುರುಮನೆಯವರು ಪಾಯ ತೋಡಲು ಬಂಡೆ ಒಡೆಸುತ್ತಿದ್ದರು. ನಮ್ಮ ಓಣಿ ಗುಡ್ಡದ ಬುಡದಲ್ಲಿದೆ, ಎಲ್ಲಿ ತೋಡಿದರೂ ಬಂಡೆಯೇ. ಆ ಸುತ್ತಿಗೆಯ ಸದ್ದು ತಲೆಗೆ ಹೊಡೆಯುತ್ತಿದ್ದುದರಿಂದ ಹೆಡ್‌ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅದರ ವೈರಿನ ತುದಿ ಆಂಪ್ಲಿಫೈಯರಿನಲ್ಲೇ ಇತ್ತು.

ಸೋಲ್ಡರಿಂಗ್ ಕಡ್ಡಿ ಕಾದು ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಬಂಡೆ ಒಡೆಯುವವರು ಊಟಕ್ಕೆ ಎದ್ದರೇನೋ, ಆ ಸದ್ದೂ ನಿಂತಿತು. ಮಟಮಟ ಮಧ್ಯಾಹ್ನ. ನಮ್ಮ ಊರಿನ ಬೇಸಿಗೆಯ ಮಧ್ಯಾಹ್ನ ನೋಡದವರಿಗೆ ಆ ನಿಶ್ಶಬ್ದ ಹೇಳಿದರೆ ತಿಳಿಯುವುದಿಲ್ಲ. ನಾಯಿ ಕೂಡ ಬೊಗಳುವುದಿಲ್ಲ. ಕಡ್ಡಿ ತಣ್ಣಗಾಗುವುದರೊಳಗೆ ಹಳೇ ರೆಸಿಸ್ಟರನ್ನಾದರೂ ಕಿತ್ತುಬಿಡಬೇಕೆಂದು ನನಗೆ ಅವಸರ. ಎಡಗೈಯಿಂದ ಚಾಸಿಯ ಅಂಚನ್ನು ಬಿಗಿಯಾಗಿ ಹಿಡಿದೆ. ಬಲಗೈಯಲ್ಲಿ ಅಪ್ಪನ ಹಳೇ ಕಟಿಂಗ್ ಪ್ಲೇಯರ್, ಹಿಡಿಯ ರಬ್ಬರು ಎಂದೋ ಹೋಗಿ ಬರೀ ಕಬ್ಬಿಣ. ರೆಸಿಸ್ಟರಿನ ಒಂದು ಕಾಲು ಮೊದಲನೇ ಕೆಪಾಸಿಟರಿನ ಮೇಲೆ ಕೂತಿತ್ತು. ಅದನ್ನು ಹಿಡಿಯಲು ಕೈ ಇಳಿಸಿದೆ.

ಕಿವಿಯಲ್ಲಿ ಯಾರೋ ಊದಿದರು. ಫೂ, ಫೂ.

ಆಮೇಲೆ, “ಗುಬ್ಬೀ.”

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ದೂರದಿಂದ ಬಂದ ದನಿಯಲ್ಲ, ಮಸುಕಾಗಿಯೂ ಇರಲಿಲ್ಲ. ಮೈಕಿಗೆ ಬಾಯಿ ತೀರಾ ಹತ್ತಿರ ಇಟ್ಟವರ ದನಿ, ತುಟಿ ಬಿಚ್ಚಿದ ಸಣ್ಣ ಸದ್ದು ಸಮೇತ. ಎರಡೂ ಕಿವಿಯಲ್ಲಿ, ತಲೆಯ ನಟ್ಟನಡುವೆ. ಅಪ್ಪನ ದನಿ. ಅದರ ಬಗ್ಗೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಬಾಯಿಗೆ ‘ಓ’ ಬಂದಿತ್ತು. ನಾಲಿಗೆ ಎದ್ದಿತ್ತು. ಎಷ್ಟು ವರ್ಷದಿಂದ ಆ ಹೆಸರು ಕೇಳಿರಲಿಲ್ಲ! ಆದರೆ ನನ್ನ ಮೈ ನನ್ನ ಮಾತು ಕೇಳಲಿಲ್ಲ. ಹುಟ್ಟಿದಾಗಿನಿಂದ ಮನೆಯಲ್ಲಿ ಎಲ್ಲರೂ ಒಂದು ಕೂಗಿಗೆ ನಿಲ್ಲುವುದನ್ನು ನೋಡಿ ನೋಡಿ ಮೈಗೆ ಹತ್ತಿದ ಅಭ್ಯಾಸ; ನಂಬದಿದ್ದರೂ ಅದು ಒಳಗೆ ಕೂತಿತ್ತು. ಕೈ ಅಲ್ಲೇ ನಿಂತಿತು, ಕಪ್ಪು ರೆಸಿಸ್ಟರಿನ ಮೇಲೆ ಕೂದಲೆಳೆಯಷ್ಟು ದೂರದಲ್ಲಿ. ಉಸಿರು ಹಿಡಿದು ಎರಡನೇ ಕೂಗಿಗೆ ಕಾದೆ.

ಎರಡನೇದು ಬರಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ಕಿವಿಯಲ್ಲಿ ಬರೀ ಖಾಲಿ ಇರಲಿಲ್ಲ. ಮೈಕು ಹಚ್ಚಿಟ್ಟು ಯಾರೋ ಮಾತಾಡದೆ ನಿಂತಾಗ ಒಂದು ತೆರೆದ ಮೌನ ಇರುತ್ತದಲ್ಲ, ಅದು. ನನ್ನ ಉತ್ತರಕ್ಕೆ ಆ ಕಡೆಯವರೂ ಕಾದಂತೆ. ಕೈ ಬೆವರಿತು. ಪ್ಲೇಯರ್ ಜಾರಿ ಕೆಳಗೆ ಬಿತ್ತು.

ಗುಂಡು ಹಾರಿದಂತೆ ಸದ್ದಾಯಿತು. ನೀಲಿ ಬೆಂಕಿ ಕಣ್ಣಿಗೆ ಹೊಡೆಯಿತು. ಹಿಂದಕ್ಕೆ ಗೋಡೆಗೆ ಹೋಗಿ ಬಿದ್ದೆ. ಹೆಡ್‌ಫೋನು ಕಿತ್ತು ಬಂದಿತ್ತು. ಪ್ಲೇಯರಿನ ಬಾಯಿ ಕೆಪಾಸಿಟರಿಗೂ ಚಾಸಿಗೂ ಅಡ್ಡ ಬಿದ್ದು, ಅದರ ಉಕ್ಕು ಸಾಸಿವೆಕಾಳಿನಷ್ಟು ಕರಗಿ ಹೋಗಿತ್ತು. ಆಗ ತಿಳಿಯಿತು ನನಗೆ, ಯಾವ ತೊಟ್ಟಿಗೆ ಮೀಟರ್ ಇಟ್ಟಿದ್ದೆ, ಯಾವುದಕ್ಕೆ ಇಟ್ಟಿರಲಿಲ್ಲ ಎಂದು. ಮುಟ್ಟಿದ್ದರೆ ಎಡಗೈ ಚಾಸಿಯ ಮೇಲೆ, ಬಲಗೈ ಆ ತುಂಬಿದ ತೊಟ್ಟಿಯ ಮೇಲೆ. ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಹರಿಯುವ ದಾರಿಯಲ್ಲಿ ಎದೆ.

ಪಕ್ಕದ ಮನೆಯ ಖಾಸಿಂಬಿ ಚಾಚಿ ಸದ್ದು ಕೇಳಿ ಓಡಿ ಬಂದಳು. “ಕ್ಯಾ ಫೋಡೀ ರೇ? ಏನ್ ಒಡದಿ, ಗ್ಯಾಸೇನು?”

“ಏನಿಲ್ಲ ಚಾಚಿ. ಎಲ್ಲಾದ್ರೂ ಮೈಕ್ ಹಚ್ಚ್ಯಾರೇನು? ಯಾರದರೆ ಮದುವಿ, ಮಸೀದಿಯಾಗ?”

“ಹುಚ್ಚಿ! ಕರೆಂಟ ಇಲ್ಲ, ಮೈಕ್ ಎಲ್ಲಿಂದ ಬರಬೇಕು? ಮುಖ ನೋಡ ಹೆಂಗಾಗೇತಿ, ಸುಣ್ಣ ಬಳದಂಗ. ನೀರು ಕುಡಿ ಮೊದಲ.”

ಅವಳು ನೀರು ಕೊಟ್ಟು ಹೋದಳು. ನಾನು ಕೂಗಿನ ಮಾತು ಎತ್ತಲಿಲ್ಲ. ಅವಳಿಗೆ ಮಾತ್ರವಲ್ಲ, ಓಣಿಯಲ್ಲಿ, ಮನೆಯಲ್ಲಿ ಯಾರಿಗೂ ಅವತ್ತಿನಿಂದ ಇವತ್ತಿನವರೆಗೆ ಹೇಳಿಲ್ಲ. ಅವ್ವನಿಗಂತೂ ಇಲ್ಲವೇ ಇಲ್ಲ. ಹೇಳಿದ್ದರೆ ಆಂಪ್ಲಿಫೈಯರ್ ಆ ಕ್ಷಣವೇ ಬೀದಿಗೆ ಬೀಳುತ್ತಿತ್ತು, ನಾನು ಗೋನೆಗಂಡ್ಲಕ್ಕೆ.

ಅವತ್ತು ಅವ್ವ ಹೊತ್ತಿಗೆ ಮುಂಚೆ ಮನೆಗೆ ಬಂದಳು. ಕೂಲಿ ಬಿಟ್ಟು ಮಿಲ್ಲಿನಿಂದ ಅರ್ಧಕ್ಕೆ ಬರುವವಳಲ್ಲ. ಬಿಸಿಲಲ್ಲಿ ಓಡಿ ಬಂದವಳಂತೆ ಏದುಸಿರು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾಕವ್ವ?”

“ತಲಿ ನೋವು.”

ಒಳಗೆ ಬಂದು ಮಲಗಲೂ ಇಲ್ಲ. ಹೊಸ್ತಿಲ ಮೇಲೆ, ಬೀದಿಗೆ ಮುಖ ಮಾಡಿ, ಎರಡೂ ಕಡೆಯ ಚೌಕಟ್ಟಿಗೆ ಕೈ ಕೊಟ್ಟು ಕೂತಳು. ದೀಪ ಹಚ್ಚುವವರೆಗೂ ಅಲ್ಲಿಂದ ಏಳಲಿಲ್ಲ. ನನಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಕರೆಂಟು ಬಂದಿತ್ತು, ನಾನು ಎರಡೂ ಕೆಪಾಸಿಟರ್ ಮೀಟರಿನಿಂದ ನೋಡಿ, ಮತ್ತೆ ನೋಡಿ, ಮತ್ತೂ ನೋಡಿ, ಹೊಸ ರೆಸಿಸ್ಟರ್ ಕೂರಿಸಿದೆ. ಮೊದಲನೇ ತೊಟ್ಟಿಗೂ ಒಂದು ತೂತು ಇಟ್ಟೆ. ಹಚ್ಚಿದೆ. ಫೋನಿನ ಹಾಡು ಬಂತು. ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳದೆ ದೂರದಿಂದಲೇ ಹಿಡಿದು ಕೇಳಿದೆ, ಅಷ್ಟು ಹೇಳಬೇಕು.

ಮರುದಿನ ವೈವಾ. ಹೊರಗಿನಿಂದ ಬಂದ ಎಕ್ಸಾಮಿನರ್ ತೂಕದ ಮನುಷ್ಯ. ಸರ್ಕ್ಯೂಟು ಬರೆಸಿದರು, ಪ್ರಶ್ನೆ ಕೇಳಿದರು. ಎಲ್ಲಕ್ಕೂ ಹೇಳಿದೆ. ಆಮೇಲೆ ತಾವೇ ಹೆಡ್‌ಫೋನು ಹಾಕಿಕೊಂಡು, ‘ಹಚ್ಚು’ ಎಂದರು. ವಾಲ್ವು ಕೆಂಪಾಗುವುದನ್ನು ನೋಡುತ್ತ ಕೂತರು. ನಾನಿನ್ನೂ ಹಾಡು ಹಾಕಿರಲಿಲ್ಲ. ಅವರು ಹುಬ್ಬು ಗಂಟಿಕ್ಕಿ ಒಂದು ಕಿವಿಯಿಂದ ಹೆಡ್‌ಫೋನು ಸರಿಸಿದರು.

“ಏನಮ್ಮಾ ಇದು, ಎವರೋ ಊದಿನಟ್ಟು ಸೌಂಡ್ ವಸ್ತುಂದಿ?”

ಯಾರೋ ಊದಿದ ಹಾಗೆ ಸದ್ದು ಬರುತ್ತಿದೆಯಲ್ಲ ಎಂದು. ವಾಲ್ವು ಕಾಯುವಾಗ ಅಂಥ ಸದ್ದು ಬರುವುದುಂಟು ಸರ್, ಹೀಟರ್ ಬಿಸಿಯಾಗುವವರೆಗೆ ಎಂದೆ. ಬರುವುದುಂಟು, ಸುಳ್ಳಲ್ಲ. ಅವರು ತಲೆಯಾಡಿಸಿದರು. ಉತ್ತರ ಸರಿಯಾಗಿತ್ತು, ಆದರೆ ಹೇಳಿದವಳಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಮುಂದೆ ಅವರ ಕಿವಿಯಲ್ಲಿ ಇನ್ನೇನು ಬರುತ್ತದೋ ಎಂದು ಅವಸರದಿಂದ ಹಾಡು ಹಾಕಿಬಿಟ್ಟೆ.

ಪಾಸಾದೆ. ಆಂಪ್ಲಿಫೈಯರನ್ನು ಲ್ಯಾಬಿನ ಬೀರುವಿನಲ್ಲೇ ಬಿಟ್ಟು ಬಂದೆ. ನಿನ್ನ ತಂದೆಯ ವಾಲ್ವು, ತೆಗೆದುಕೊಂಡು ಹೋಗು ಎಂದು ಗೈಡ್ ಸರ್ ಹೇಳಿದರು. ಇಲ್ಲೇ ಇರಲಿ ಸರ್ ಎಂದೆ.

ಕೆಲವು ತಿಂಗಳ ಮೇಲೆ ಗೈಡ್ ಸರ್ ಒಬ್ಬರನ್ನೇ, ಹೆಸರು ಹೇಳದೆ, ‘ಹೀಗೆ ಒಬ್ಬರಿಗೆ ಆಯಿತಂತೆ’ ಎಂದು ಕೇಳಿದ್ದೆ. ಅವರು ಯೋಚಿಸಿ ಹೇಳಿದರು. ರೇಡಿಯೋ ಅಲೆಗಳು ಇಂಥ ಸೆಟ್ಟಿನ ವೈರಿನಲ್ಲಿ ಹೊಕ್ಕು ದನಿಯಾಗಿ ಬರುವುದುಂಟು. ಉಂಟು, ನಾನೂ ಓದಿದ್ದೇನೆ. ಆದರೆ ಅದಕ್ಕೆ ವಾಲ್ವು ಉರಿಯುತ್ತಿರಬೇಕು. ಇರಲಿ, ತಣ್ಣಗಿದ್ದ ವಾಲ್ವಿನಲ್ಲೂ ಬಂತು ಎಂದುಕೊಳ್ಳೋಣ. ಯಾವ ರೇಡಿಯೋಗೆ ನನ್ನ ಹೆಸರು ಗೊತ್ತು, ಅದೂ ಆ ಹೆಸರು? ಇನ್ನೊಂದು ಕಾರಣ ನನಗೆ ನಾನೇ ಹೇಳಿಕೊಂಡದ್ದು, ಮನಸ್ಸಿನ ಆಟ. ಹಸಿವು, ನಿದ್ದೆಗೇಡು, ಬಿಸಿಲು, ಕೈಯಲ್ಲಿ ಅಪ್ಪನ ಪ್ಲೇಯರ್. ಮೊದಲನೇ ಕೆಪಾಸಿಟರ್ ನೋಡಿಲ್ಲ ಎಂದು ತಲೆಯ ಯಾವುದೋ ಮೂಲೆಗೆ ಗೊತ್ತಿದ್ದು, ಅದು ನನ್ನನ್ನು ನಿಲ್ಲಿಸಲು ಅಪ್ಪನ ದನಿ ತಂದುಕೊಂಡಿತೇನೋ. ಈ ಮಾತನ್ನು ನಂಬಲು ನನಗೆ ತುಂಬಾ ಇಷ್ಟ. ನಾನು ಓದಿದವಳು, ಹಾಗೇ ನಂಬಬೇಕು ಕೂಡ.

ಆದರೆ ಒಂದು ವಿಷಯ ನನ್ನನ್ನು ಬಿಡುವುದಿಲ್ಲ. ಕೇಳಿದವರು ಯಾರೇ ಆದರೂ, ನಿಮ್ಮಪ್ಪ ನಿಮ್ಮನ್ನು ಉಳಿಸಿದ ಎಂದೇ ಹೇಳುತ್ತಾರೆ ಎಂದು ನನಗೆ ಗೊತ್ತು. ಉಳಿಸಬೇಕೆಂದವನು ಮೂರು ಸಲ ಏಕೆ ಕರೆಯಲಿಲ್ಲ? ಬದುಕಿದ್ದಾಗ ಒಂದು ದಿನವೂ ಒಂದೇ ಕೂಗಿಗೆ ನಿಲ್ಲಿಸಿದವನಲ್ಲ. ನಾನು ನಿಂತದ್ದು ಅವನ ಮಾತಿಗಲ್ಲ, ಹೆದರಿಕೆಗೆ. ‘ಓ’ ಅಂದಿದ್ದರೆ? ಬದುಕಿದವರಿಗೆ ಓಗೊಡುವಂತೆ ಸಹಜವಾಗಿ ‘ಓ’ ಅಂದು, ಅದೇ ಉಸಿರಿನಲ್ಲಿ ಕೆಲಸ ಮುಂದುವರಿಸಿ ಕೈ ಇಳಿಸಿದ್ದರೆ? ಆ ತೆರೆದ ಮೌನ ಯಾವುದಕ್ಕೆ ಕಾದಿತ್ತು? ಅಪ್ಪ ನನ್ನನ್ನು ತಡೆಯಲು ಬಂದಿದ್ದನೋ, ಕರೆದೊಯ್ಯಲು ಬಂದಿದ್ದನೋ, ಎರಡರಲ್ಲಿ ಒಂದನ್ನು ಆರಿಸಲು ನನ್ನಿಂದ ಆಗಿಲ್ಲ. ಅಷ್ಟು ಪ್ರೀತಿ ಮಾಡಿದ ಮನುಷ್ಯನ ಬಗ್ಗೆ ಹೀಗೆ ಯೋಚಿಸಬೇಕಾಗಿ ಬಂದದ್ದೇ ನನಗೆ ದೊಡ್ಡ ಸಂಕಟ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಮಲ್ಲಯ್ಯ ಮಾವ ಸಿಹಿ ಕಟ್ಟಿಸಿಕೊಂಡು ಗೋನೆಗಂಡ್ಲದಿಂದ ಬಂದಿದ್ದ. ಮಗನಿಗೆ ಎಮ್ಮಿಗನೂರಿನ ಕಡೆ ಹೆಣ್ಣು ಗೊತ್ತಾಗಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ. “ಏನವ್ವ ಇಂಜಿನೀರಮ್ಮಾ, ಇನ್ಮ್ಯಾಲ ನಮ್ಮ ಮನಿ ಮಿಕ್ಸಿ ಕೆಟ್ರ ನಿನಗ ಫೋನ್ ಹಚ್ಚಬೇಕೇನು, ಇಲ್ಲಾ ಅಪಾಯಿಂಟ್‌ಮೆಂಟ್ ತಗೋಬೇಕೇನು?” ಎಂದ. ನಾನು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಅವ್ವನಿಗೆ ಕೊಟ್ಟೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿ ತೆಗೆದುಕೊಂಡಳು. ಓದಲು ಬಾರದು. ನನ್ನ ಹೆಸರು ಯಾವುದು ಎಂದು ಕೇಳಿದಳು, ತೋರಿಸಿದೆ. ಕೆಳಗಿನದು ಯಾರದು ಎಂದಳು. ಅಪ್ಪನದು ಎಂದೆ. ಅವಳು ನೋಡುತ್ತ ನಿಂತು, ಹೆಬ್ಬೆರಳನ್ನು ಮೆಲ್ಲಗೆ ಸರಿಸಿ ಆ ಎರಡನೇ ಹೆಸರಿನ ಮೇಲೆ ಇಟ್ಟಳು.

ಮಾವ ಗೋಡೆ ನೋಡುತ್ತಿದ್ದ. “ಕಟ್ಟು ಹಾಕಿಸಿ ಭಾವನ ಫೋಟೋದ ಬಾಜೂಕ ಹಾಕೂನಕ್ಕಾ. ಮಗಳು ಎಷ್ಟು ಓದ್ಯಾಳ ಅಂತ ಆತನೂ ನೋಡ್ಲಿ.”

“ಬ್ಯಾಡ” ಎಂದಳು ಅವ್ವ. ಹೆಬ್ಬೆರಳು ತೆಗೆಯಲಿಲ್ಲ. ಕಾಗದವನ್ನು ಎದೆಗೆ ಒತ್ತಿಕೊಂಡು, ಫೋಟೋಗೆ ಬೆನ್ನು ಮಾಡಿ ತಿರುಗಿದಳು. ಮಾವನಿಗೆ ಕೇಳದಷ್ಟು ಮೆಲ್ಲಗೆ, ನನಗೊಬ್ಬಳಿಗೇ ಹೇಳಿದಳು:

“ನನ್ನ ಸೀರಿ ಪೆಟ್ಟಿಗ್ಯಾಗ ಇಡವ್ವಿ. ನಿಮ್ಮಪ್ಪಗ ಕಾಣಬಾರದು. ಅವತ್ತು ಒಂದ್ಸಲ ನಿನ್ನ ಕರದಾನ, ಸಾಕು.”